ಸ್ಪ್ಯಾನಿಷ್‌ನಲ್ಲಿ ‘ಊಟ ಆಯ್ತಾ?’

ನನಗೆ ಸ್ಪ್ಯಾನಿಷ್ ಭಾಷೆ ಬರುತ್ತಿತ್ತು. ಆದರೆ ಊಟದ ಹೊತ್ತಿನ ವಿಷಯ ಮಾತ್ರ.

ಡಿಗ್ರಿ ಮುಗಿಸಿ ಉಪ್ಪಾರಹಳ್ಳಿಯ ಮನೆಯಲ್ಲಿ ಕುಳಿತಿದ್ದ ದಿನಗಳಲ್ಲಿ ಚಿಕ್ಕಪ್ಪ ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯೊಂದರಿಂದ ರಟ್ಟಿನ ಡಬ್ಬವೊಂದನ್ನು ತಂದುಕೊಟ್ಟರು. ಮನೆಯಲ್ಲೇ ಸ್ಪ್ಯಾನಿಷ್ ಕಲಿಯಿರಿ, ಒಟ್ಟು ಹನ್ನೆರಡು ಕ್ಯಾಸೆಟ್ ಎಂದು ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಒಳಗಿದ್ದದ್ದು ಒಂದೇ, ನಾಲ್ಕನೆಯದು. ಅದರ ಎರಡೂ ಬದಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಕುಳಿತು ಎಷ್ಟು ಗಂಟೆಗೆ ತಿಂಡಿ, ಎಷ್ಟು ಗಂಟೆಗೆ ಊಟ ಎಂದು ಒಬ್ಬರನ್ನೊಬ್ಬರು ಬಿಡದೆ ಕೇಳಿಕೊಳ್ಳುತ್ತಿದ್ದರು. ಬೇರೆ ಮಾತೇ ಇಲ್ಲ. ನಡುನಡುವೆ ತಟ್ಟೆ ಚಮಚದ ಸದ್ದು. ನಾನು ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ದಿನಕ್ಕೊಂದು ವಾಕ್ಯ ಕಲಿತೆ, ಕಲಿತದ್ದನ್ನು ದಿನಾಂಕ ಹಾಕಿ ಡೈರಿಯಲ್ಲಿ ಬರೆದೆ. ಕೊನೆಗೆ ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಅದು ಬಾಯಿಪಾಠವಾಗಿ, ಕ್ಯಾಸೆಟ್ಟಿನ ಹೆಂಗಸು ‘ಆ ಕೆ ಓರಾ ಸೆ ಕೋಮೆ?’ ಎಂದ ತಕ್ಷಣ ಅಮ್ಮ ಒಗ್ಗರಣೆ ಹಾಕುತ್ತಲೇ, ‘ಇನ್ನೂ ಅನ್ನ ಬೆಂದಿಲ್ಲ ತಡಿಯಮ್ಮ’ ಎನ್ನುತ್ತಿದ್ದರು.

ಹಿರೇಹಳ್ಳಿಯ ತೆಂಗಿನಕಾಯಿ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ ಆಫೀಸ್ ಕೆಲಸ ಖಾಲಿ ಇದೆ ಎಂದು ತಿಳಿದಾಗ ಅರ್ಜಿ ಹಾಕಿದೆ. ಎರಡು ಸಾವಿರದ ಇಸವಿ ದಾಟಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಅರ್ಜಿಯಲ್ಲಿ ಬರುವ ಭಾಷೆಗಳನ್ನು ಬರೆಯುವ ಜಾಗದಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಆದಮೇಲೆ ‘ಸ್ಪ್ಯಾನಿಷ್, ಊಟದ ಹೊತ್ತಿಗೆ ಸಂಬಂಧಪಟ್ಟಷ್ಟು’ ಎಂದು ಬರೆದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ನನ್ನ ಕ್ರಮ.

ಫ್ಯಾಕ್ಟರಿ ಮಾಲೀಕರು ಕುಣಿಗಲ್‌ನವರು, ದೊಡ್ಡ ದನಿ, ದೊಡ್ಡ ಹೊಟ್ಟೆ. ಅರ್ಜಿ ಓದುತ್ತಾ ಓದುತ್ತಾ ಒಂದು ಕಡೆ ನಿಂತುಬಿಟ್ಟರು.

‘ಏನಮ್ಮ ಇದು, ಊಟದ ಹೊತ್ತಿಗೆ ಸಂಬಂಧಪಟ್ಟಷ್ಟು ಅಂದ್ರೆ?’

‘ಎಷ್ಟು ಗಂಟೆಗೆ ತಿಂಡಿ, ಎಷ್ಟು ಗಂಟೆಗೆ ಊಟ ಅಂತ ಕೇಳಕ್ಕೆ ಬರುತ್ತೆ ಸಾರ್. ಇಷ್ಟು ಗಂಟೆಗೆ ಅಂತ ಅವ್ರು ಹೇಳಿದ್ರೆ ಅರ್ಥ ಆಗುತ್ತೆ.’

‘ಬೇರೆ ಏನಾದ್ರೂ ಹೇಳಿದ್ರೆ?’

‘ಆಗಲ್ಲ ಸಾರ್.’

ನನಗೆ ಕೆಲಸ ಸಿಗುವುದಿಲ್ಲ ಅಂದುಕೊಂಡೆ. ಮಾಲೀಕರು ಮೇಜು ಕುಟ್ಟಿ ನಕ್ಕರು. ಕಾಯಿಪುಡಿಯನ್ನು ಪ್ಯಾಕೆಟ್ಟಿಗೆ ತುಂಬುವ ಮಿಷನ್ನೊಂದನ್ನು ಅವರು ಸ್ಪೇನ್ ದೇಶದಿಂದ ತರಿಸಿದ್ದರು. ಅದನ್ನು ಕೂರಿಸಲು ಮೂರು ವಾರದ ಮಟ್ಟಿಗೆ ಅಲ್ಲಿಂದಲೇ ಒಬ್ಬರು ಬರುವವರಿದ್ದರು. ಅವರಿಗೆ ಇಂಗ್ಲಿಷ್ ಹತ್ತಿಪ್ಪತ್ತು ಪದ ಬಂದರೆ ಹೆಚ್ಚು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಪಕ್ಕದ ಶೆಡ್ಡಿಗೆ ಬಂದಿದ್ದ ವಿದೇಶಿ ಇಂಜಿನಿಯರ್ ಒಬ್ಬರು ಹೊಟ್ಟೆ ಕೆಡಿಸಿಕೊಂಡು, ಮಿಷನ್ನನ್ನು ಬಿಚ್ಚಿದ್ದು ಬಿಚ್ಚಿದ ಹಾಗೇ ಬಿಟ್ಟು ವಿಮಾನ ಹತ್ತಿದ್ದರಂತೆ.

‘ಮಿಷನ್ ವಿಷಯ ಅವ್ರ ಕೈ ಮಾತಾಡುತ್ತೆ ಕಣಮ್ಮ. ಹೊಟ್ಟೆ ವಿಷಯ ನೀನು ಮಾತಾಡು. ಈಗ ಟೆಂಪರರಿ. ಮಿಷನ್ ಓಡಿ, ಅವ್ರು ನಗ್ತಾ ಊರಿಗೆ ಹೋದ್ರೆ ನಿಂಗೆ ಪರ್ಮನೆಂಟ್ ಆರ್ಡರ್. ಇಲ್ದಿದ್ರೆ ನಿನ್ನ ದಾರಿ ನಿಂಗೆ.’

ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ಮೊದಲ ದಿನವೇ ನನ್ನ ಮೇಜಿನ ಖಾನೆಗೆ ಕಾಗದ ಹಾಸಿ, ಪೆನ್ನು, ಸ್ಕೇಲು, ಗೋಂದಿನ ಬಾಟಲಿ ಎಲ್ಲವನ್ನೂ ಅಳತೆಯ ಪ್ರಕಾರ ಜೋಡಿಸಿಟ್ಟೆ. ಕಿಟಕಿ ಪಕ್ಕದ ಮೇಜು. ಹೊರಗೆ ಒಣಗಲು ಹಾಕಿದ ಚಿಪ್ಪಿನ ರಾಶಿ. ಬೆಳಗ್ಗೆ ಬಸ್ಸಿನಲ್ಲಿ ನನ್ನದೇ ಡಬ್ಬಿ ಹಿಡಿದು ಹೋಗುವುದು, ಸಂಜೆ ಮೈಯೆಲ್ಲ ಕೊಬ್ಬರಿ ವಾಸನೆ ಹೊತ್ತು ಬರುವುದು. ಮತ್ತೆ ಮನೆಯಲ್ಲಿ ಕುಳಿತು ‘ಏನ್ ಮಾಡ್ಕೊಂಡಿದೀಯ ಈಗ?’ ಎಂದು ಬಂದವರೆಲ್ಲ ಕೇಳುವುದಕ್ಕೆ ಉತ್ತರ ಹುಡುಕುವುದು ಬೇಡವೇ ಬೇಡವಾಗಿತ್ತು.

ಫೆಬ್ರವರಿಯ ಒಂದು ಬುಧವಾರ ಸ್ಪೇನಿನವರು ಬಂದಿಳಿದರು. ಐವತ್ತೈದರ ಆಸುಪಾಸಿನ, ಕುಳ್ಳಗೆ ಗಟ್ಟಿಯಾಗಿದ್ದ, ದಪ್ಪ ಮೀಸೆಯ ಮನುಷ್ಯ. ದೂರದಿಂದ ನೋಡಿದರೆ ನಮ್ಮ ಕಡೆಯ ಯಾವುದೋ ಊರಿನ ಪಟೇಲರ ಹಾಗೇ ಕಾಣುತ್ತಿದ್ದರು. ಮಾಲೀಕರು ಹಾರ ಹಾಕಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಕ್ಯಾಸೆಟ್ಟಿನ ಹೆಂಗಸಿನ ರಾಗದಲ್ಲೇ ಕೇಳಿದೆ:

‘ಆ ಕೆ ಓರಾ ಕೋಮೆ ಉಸ್ತೆದ್?’ ನೀವು ಎಷ್ಟು ಗಂಟೆಗೆ ಊಟ ಮಾಡುತ್ತೀರಿ?

ಆ ಮನುಷ್ಯನ ಮುಖ ದೀಪ ಹಚ್ಚಿದ ಹಾಗಾಯಿತು. ಎರಡು ದಿನದ ಪ್ರಯಾಣದಲ್ಲಿ ಅವರ ಭಾಷೆಯಲ್ಲಿ ಅವರನ್ನು ಮಾತಾಡಿಸಿದ ಮೊದಲ ಪ್ರಾಣಿ ನಾನಿರಬೇಕು. ನನ್ನ ಎರಡೂ ಕೈ ಹಿಡಿದು ಒಂದು ಭಾಷಣವನ್ನೇ ಮಾಡಿದರು. ಅದರಲ್ಲಿ ನನಗೆ ಅರ್ಥವಾದದ್ದು ಗಂಟೆಗಳು ಮಾತ್ರ.

‘ಏನಂತೆ?’ ಮಾಲೀಕರು ಕೇಳಿದರು.

‘ಮಧ್ಯಾಹ್ನದ ಊಟ ಮೂರು ಗಂಟೆಗಂತೆ ಸಾರ್. ರಾತ್ರಿಯದು ಹತ್ತಕ್ಕಂತೆ.’

‘ಮೂರಕ್ಕಾ? ಸರಿಯಾಗಿ ಕೇಳಿಸ್ಕೊಂಡ್ಯಾ?’

ಮತ್ತೆ ಕೇಳಿದೆ. ಅವರು ಮೂರು ಬೆರಳು ತೋರಿಸಿದರು. ಅಲ್ಲಿದ್ದವರೆಲ್ಲ ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು.

ಆ ಮಧ್ಯಾಹ್ನವೇ ಒಂದು ವೇಳಾಪಟ್ಟಿ ಟೈಪು ಮಾಡಿ ಕ್ಯಾಂಟೀನಿನ ಗೋಡೆಗೆ ಅಂಟಿಸಿದೆ. ಕ್ಯಾಂಟೀನ್ ನಡೆಸುತ್ತಿದ್ದ ಅಕ್ಕ ಗುಬ್ಬಿಯವರು. ಒಂದೂಕಾಲಕ್ಕೆ ಪಾತ್ರೆ ತೊಳೆದು, ಒಂದೂವರೆಗೆ ಎಲೆಡಿಕೆ ಹಾಕಿ ಕೂರುವವರು. ಪಟ್ಟಿ ನೋಡಿ ಸೊಂಟದ ಮೇಲೆ ಕೈಯಿಟ್ಟರು.

‘ಮೂರು ಗಂಟೆಗೆ ಉಣ್ಣಕ್ಕೆ ಅದೇನು ಒಪ್ಪತ್ತಾ ಕಣವ್ವ? ಹೊಟ್ಟೆ ಅನ್ನೋದು ಇಲ್ವಾ ಆ ದೇಸ್ದಾಗೆ?’

‘ಅಲ್ಲಿ ಎಲ್ಲರೂ ಹಂಗೇ ಅಂತೆ ಅಕ್ಕ.’

‘ಹಂಗಾರೆ ಅವರ ಮನೆ ಹೆಂಗಸ್ರು ಯಾವಾಗ ಪಾತ್ರೆ ತೊಳೀತಾರೆ, ಅದನ್ನ ಕೇಳು.’

ಅದು ನನ್ನ ಕ್ಯಾಸೆಟ್ಟಿನಲ್ಲಿರಲಿಲ್ಲ.

ಮರುದಿನದಿಂದ ಶುರುವಾಯಿತು ನೋಡಿ. ಫ್ಯಾಕ್ಟರಿಯ ಪ್ರತಿಯೊಬ್ಬರಿಗೂ ಸ್ಪೇನಿನವರನ್ನು ಮಾತಾಡಿಸುವ ಆಸೆ. ಒಬ್ಬೊಬ್ಬರೇ ನನ್ನ ಮೇಜಿನ ಹತ್ತಿರ ಬಂದು, ‘ಮೇಡಮ್ಮೋರೆ, ಊಟ ಆಯ್ತಾ ಅನ್ನೋಕೆ ಅವರ ಭಾಷೇಲಿ ಏನಂತಾರೆ?’ ಎಂದು ಕೇಳಿದರು. ನಮ್ಮ ಕಡೆ ಎದುರು ಸಿಕ್ಕವರನ್ನು ಕೇಳುವುದೇ ಅದಲ್ಲವೇ. ಬೆಳಗ್ಗೆ ಸಿಕ್ಕರೆ ತಿಂಡಿ ಆಯ್ತಾ, ಆಮೇಲೆ ಸಿಕ್ಕರೆ ಊಟ ಆಯ್ತಾ. ಸಂಜೆ ಕಾಫಿ ಆಯ್ತಾ. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಹೇಳುವವರೂ ಯೋಚಿಸುವುದಿಲ್ಲ. ಆಯ್ತು ಅನ್ನುತ್ತೇವೆ, ಮುಂದೆ ಹೋಗುತ್ತೇವೆ. ಕ್ಯಾಸೆಟ್ಟಿನ ಕೊನೆಯಲ್ಲಿ ಆ ಗಂಡಸು ಕೇಳುವ ಮಾತನ್ನೇ ನಾನು ಹೆಮ್ಮೆಯಿಂದ ಎಲ್ಲರಿಗೂ ಕಲಿಸಿದೆ: ‘ಯಾ ಆ ಕೊಮೀದೊ?’ ಹನ್ನೊಂದು ಗಂಟೆಯೊಳಗೆ ಕಾಯಿ ಒಡೆಯುವ ಹೆಂಗಸರಿಂದ ಹಿಡಿದು ಬಾಯ್ಲರ್ ನೋಡಿಕೊಳ್ಳುವವರ ತನಕ ಎಲ್ಲರ ಬಾಯಲ್ಲೂ ಸ್ಪ್ಯಾನಿಷ್. ಆ ಒಂದು ದಿನ ಅವರನ್ನು ಎಷ್ಟು ಜನ ಊಟ ಆಯ್ತಾ ಎಂದು ಕೇಳಿದರು ಎಂದು ನಾನು ಡೈರಿಯಲ್ಲಿ ಗೀಟು ಹಾಕಿಕೊಂಡಿದ್ದೇನೆ. ನಲವತ್ತೊಂದು.

ಆದರೆ ಅವರು ನಮ್ಮ ಹಾಗೆ ಆಯ್ತು ಅನ್ನಲಿಲ್ಲ. ನಿಂತು, ಯೋಚಿಸಿ, ನಿಜ ಹೇಳಿದರು. ‘ನೊ.’ ಮೂರು ಗಂಟೆ ಇನ್ನೂ ಆಗಿರಲಿಲ್ಲವಲ್ಲ.

ಇಲ್ಲ ಅನ್ನಿಸಿಕೊಂಡ ಮೇಲೆ ನಮ್ಮ ಜನ ಹಾಗೇ ಮುಂದೆ ಹೋಗುವುದುಂಟೇ? ತೂಕದ ಮನೆಯವರು ತಮ್ಮ ಡಬ್ಬಿ ಬಿಚ್ಚಿ ಅವರೆಕಾಳು ಉಪ್ಪಿಟ್ಟು ಕೊಟ್ಟರು. ಕಾಯಿ ಒಡೆಯುವ ಹೆಂಗಸರು ಚಿತ್ರಾನ್ನ ಕೊಟ್ಟರು, ಜೊತೆಗೆ ಎಳೆಗಾಯಿ. ಬಾಯ್ಲರಿನವರು ಅರ್ಧ ಮುದ್ದೆ ಮುರಿದು ಸೊಪ್ಪಿನ ಸಾರಲ್ಲಿ ಅದ್ದಿ, ಅಗಿಯಬೇಡಿ, ನುಂಗಿ ಎಂದು ಗಂಟಲು ಮುಟ್ಟಿ ತೋರಿಸಿದರು. ಸ್ಪೇನಿನವರು ಯಾವುದನ್ನೂ ಬೇಡ ಅನ್ನಲಿಲ್ಲ. ಈ ದೇಶದಲ್ಲಿ ಯಾರು ಎದುರಾದರೂ ತಿನ್ನಲೇಬೇಕು, ಅದೇ ಮರ್ಯಾದೆ ಎಂದು ಅವರು ತೀರ್ಮಾನಿಸಿದ್ದರು ಅಂತ ಕಾಣುತ್ತದೆ. ಎರಡೂವರೆಗೆ ಅವರ ಬೆಲ್ಟು ಒಂದು ತೂತು ಸಡಿಲವಾಗಿತ್ತು. ಮೂರಕ್ಕೆ ಕ್ಯಾಂಟೀನ್ ಅಕ್ಕ ಬಿಸಿ ಅನ್ನ ಬಡಿಸಿಕೊಂಡು ಕಾದರೆ, ಅವರು ತಟ್ಟೆಯ ಮುಂದೆ ಕೈಮುಗಿದು ಕುಳಿತುಬಿಟ್ಟರು.

‘ನನ್ನ ಅಡುಗೆ ಬ್ಯಾಡ್ವಂತೆ, ಕಂಡೋರ ತಂಗಳು ಬೇಕಂತೆ,’ ಎಂದು ಅಕ್ಕ ಪಾತ್ರೆಗಳನ್ನು ಕುಕ್ಕಿ ಸದ್ದು ಮಾಡಿದರು. ಮೂರೂವರೆಗೆ ಸ್ಪೇನಿನವರು ಕಾಯಿ ಮೂಟೆಗಳ ಮೇಲೆ ಗೊರಕೆ ಹೊಡೆಯುತ್ತಿದ್ದರು. ಪಕ್ಕದಲ್ಲಿ ಮಿಷನ್ನು ಮರದ ಪೆಟ್ಟಿಗೆಯಿಂದ ಅರ್ಧ ತಲೆ ಹೊರಗೆ ಹಾಕಿ ಕಾಯುತ್ತಿತ್ತು.

ಹೀಗೇ ಒಂದು ವಾರ ಹೋಯಿತು, ಎರಡನೆಯದೂ ಹೊರಟಿತು. ಕಾಯಿ ಎಲ್ಲಿಂದ ಬರುತ್ತದೆ, ಎಷ್ಟು ತೇವ ಇರುತ್ತದೆ ಎಂದು ನೋಡಲು ಒಂದು ಮಂಗಳವಾರ ಅವರನ್ನು ಗುಬ್ಬಿಗೆ ಕಳಿಸಿದರು, ಜೊತೆಗೆ ನಾನು. ಕ್ಯಾಂಟೀನ್ ಅಕ್ಕ ತಮ್ಮ ಊರಿನವರಿಗೆಲ್ಲ ಆ ಸ್ಪ್ಯಾನಿಷ್ ಮಾತನ್ನು ಮೊದಲೇ ಕಲಿಸಿಟ್ಟಿದ್ದಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು! ಕಾಯಿ ಮಂಡಿಯಲ್ಲಿ ಕಾರಿನಿಂದ ಕಾಲು ಕೆಳಗಿಡುವ ಮೊದಲೇ ಯಾರೋ ಕೂಗಿದರು, ‘ಯಾ ಆ ಕೊಮೀದೊ?’ ಅವರು ‘ನೊ’ ಎಂದರು. ತಟ್ಟೆ ಇಡ್ಲಿ ಬಂತು. ಮುಂದಿನ ಮನೆಯಲ್ಲಿ ಒತ್ತುಶ್ಯಾವಿಗೆ, ಕಾಯಿಹಾಲು. ಅದರ ಮುಂದಿನ ಮನೆಯಲ್ಲಿ ಕೋಳಿ ಹಿಡಿಯಲು ಆಗಲೇ ಮೂರು ಜನ ಅಂಗಳದಲ್ಲಿ ಓಡುತ್ತಿದ್ದರು. ವಾಪಸ್ ಬರುವಾಗ ಅವರು ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದ್ದರು. ಹೊಟ್ಟೆಯ ಮೇಲೆ ಗುಬ್ಬಿಯವರು ಕೊಟ್ಟ ನಿಪ್ಪಟ್ಟಿನ ಡಬ್ಬ ಏರುತ್ತಿತ್ತು, ಇಳಿಯುತ್ತಿತ್ತು.

ಮಾಲೀಕರು ನನ್ನನ್ನು ಕರೆಸಿದರು.

‘ಏನಮ್ಮ, ಇವ್ರು ಮಿಷನ್ ಕೂರ್ಸಕ್ಕೆ ಬಂದವ್ರೋ ಬೀಗರೂಟಕ್ಕೆ ಬಂದವ್ರೋ?’

‘ಹೊಟ್ಟೆ ಮಾತ್ರ ಕೆಟ್ಟಿಲ್ಲ ಸಾರ್.’

‘ಕೆಟ್ಟಿಲ್ಲ, ಖಾಲೀನೂ ಆಗಿಲ್ಲ! ಬರೋ ಸೋಮವಾರ ಟ್ರಯಲ್. ಮಾಲು ಕೊಳ್ಳೋರು ಬಂದು ಕೂತ್ಕೋತಾರೆ. ಅವತ್ತು ಮಿಷನ್ ಓಡ್ಲಿಲ್ಲ ಅಂದ್ರೆ ನಿನ್ನ ಆರ್ಡರ್ ಬಗ್ಗೆ ನಾನು ಮಾತಾಡಲ್ಲ, ನೀನೂ ಕೇಳ್ಬೇಡ.’

ನಾನು ಕ್ರಮವಾಗಿ ಕೆಲಸ ಮಾಡುವವಳು. ಒಂದೊಂದೇ ವಿಭಾಗಕ್ಕೆ ಹೋಗಿ, ದಯವಿಟ್ಟು ಅವರನ್ನು ಊಟ ಆಯ್ತಾ ಅಂತ ಕೇಳಬೇಡಿ ಎಂದೆ. ಜನ ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ಗೇಟಿನಲ್ಲಿ ಕೂರುವ ವಾಚ್‌ಮನ್ ಹಾಗಲವಾಡಿಯವರು, ತುಂಬಾ ಮೆದು ಮಾತಿನವರು. ಅವರಿಗೂ ಬೇಸರವಾಯಿತು.

‘ಎದುರಿಗೆ ಬಂದ ಮನುಷನ್ನ ಊಟ ಆಯ್ತಾ ಅಂತ ಕೇಳ್ದೆ ಬುಡದಾ ಮೇಡಮ್ಮೋರೆ? ಅವರೇನು ನಮ್ಗೆ ಶತ್ರುವಾ?’

ಕೇಳುವವರನ್ನು ತಡೆಯಲಾಗದಿದ್ದರೆ ಹೇಳುವವರನ್ನು ತಿದ್ದಬೇಕು. ಬುಧವಾರ ಬೆಳಗ್ಗೆ ಒಂದು ಕಾಗದದ ಮೇಲೆ ಗಡಿಯಾರ ಬರೆದು, ಅದರ ಕೆಳಗೆ ‘ಆಯ್ತು’ ಎಂದು ಅವರ ಲಿಪಿಯಲ್ಲಿ ಬರೆದು ತೋರಿಸಿದೆ. ಹನ್ನೊಂದಕ್ಕೆ ಕೇಳಿದರೂ ಆಯ್ತು, ಹನ್ನೆರಡಕ್ಕೆ ಕೇಳಿದರೂ ಆಯ್ತು. ಅವರು ತಲೆ ಅಲ್ಲಾಡಿಸಿದರು. ಬರಿಹೊಟ್ಟೆ ಮುಟ್ಟಿ ತೋರಿಸಿ, ತಿನ್ನದೆ ತಿಂದೆ ಅನ್ನುವುದು ಹೇಗೆ ಎನ್ನುವ ಹಾಗೆ ಎರಡೂ ಕೈ ಚೆಲ್ಲಿದರು. ಸುಳ್ಳು, ಪದ್ಧತಿ, ಸುಮ್ಮನೆ, ಇವಕ್ಕೆ ಸ್ಪ್ಯಾನಿಷ್‌ನಲ್ಲಿ ಏನನ್ನುತ್ತಾರೋ ನನಗೆ ತಿಳಿಯದು. ಆ ಕ್ಯಾಸೆಟ್ಟುಗಳು ಬೇರೆ ಯಾರ ಮನೆಯಲ್ಲಿದ್ದವೋ.

ಮಾತು ಬಾರದಿದ್ದರೇನು, ನಾಟಕ ಮಾಡಬಹುದಲ್ಲ. ಹನ್ನೆರಡೂವರೆಗೆ ಅವರ ತೋಳು ಹಿಡಿದು ಗೇಟಿನ ಹತ್ತಿರ ಕರೆದುಕೊಂಡು ಹೋದೆ. ವಾಚ್‌ಮನ್‌ಗೆ ಮೊದಲೇ ಹೇಳಿಟ್ಟಿದ್ದೆ.

‘ಊಟ ಆಯ್ತಾ ಮೇಡಮ್ಮೋರೆ?’

‘ಆಯ್ತು,’ ಎಂದೆ. ಎಂದವಳೇ ಅಲ್ಲೇ ಬೆಂಚಿನ ಮೇಲೆ ಕುಳಿತು, ತುಂಬಿದ ಡಬ್ಬಿ ತೆಗೆದು ಗಬಗಬ ತಿನ್ನಲು ಶುರು ಮಾಡಿದೆ. ‘ನಿಮ್ಮದು ಆಯ್ತಾ?’

‘ಓ, ಆಗ್ಲೇ ಆಯ್ತು!’ ಎಂದು ವಾಚ್‌ಮನ್ ತಮ್ಮ ಗಂಟು ಬಿಚ್ಚಿ ಮುದ್ದೆ ಮುರಿದರು. ಅಷ್ಟರಲ್ಲಿ ನಾವು ಹೇಳಿಕೊಡದಿದ್ದರೂ ಕ್ಯಾಂಟೀನ್ ಅಕ್ಕ ಆ ಕಡೆ ಬಂದರು. ‘ಏನ್ ನಿಮ್ದೆಲ್ಲ ಊಟ ಆಯ್ತಾ?’ ಇಬ್ಬರೂ ಬಾಯಿ ತುಂಬ ಅನ್ನ ಇಟ್ಟುಕೊಂಡೇ ‘ಆಯ್ತು’ ಎಂದೆವು. ‘ಹೂಂ ಸರಿ,’ ಎಂದು ಅಕ್ಕ ತಿರುಗಿಯೂ ನೋಡದೆ ಹೊರಟುಹೋದರು.

ಸ್ಪೇನಿನವರು ನಮ್ಮ ಡಬ್ಬಿ ನೋಡಿದರು, ಅಕ್ಕನ ಬೆನ್ನು ನೋಡಿದರು, ನನ್ನ ಮುಖ ನೋಡಿದರು. ಮೀಸೆ ನಡುಗಿತು. ಆಮೇಲೆ ನಕ್ಕರು ನೋಡಿ, ಗೇಟಿನ ಸರಳು ಹಿಡಿದುಕೊಂಡು, ಕೂತು, ಎದ್ದು, ಮತ್ತೆ ಕೂತು, ಕಣ್ಣೀರು ಒರೆಸಿಕೊಂಡು ನಕ್ಕರು. ನನಗೂ ತಡೆಯಲಾಗಲಿಲ್ಲ. ವಾಚ್‌ಮನ್‌ಗೆ ಮುದ್ದೆ ನೆತ್ತಿಗೇರಿತು.

ಅವತ್ತಿನಿಂದ ಅವರು ಬೇರೆಯೇ ಮನುಷ್ಯ. ಯಾರಾದರೂ ಬಾಯಿ ತೆರೆಯುವ ಮೊದಲೇ ‘ಆಯ್ತೂ!’ ಎಂದು ಕೂಗುತ್ತಿದ್ದರು. ಕೆಲಸ ಓಡಿತು. ಮಿಷನ್ನು ಪೆಟ್ಟಿಗೆಯಿಂದ ಪೂರ್ತಿ ಹೊರಬಂತು, ಶುಕ್ರವಾರ ಎದ್ದು ನಿಂತಿತು. ಶನಿವಾರ ವೈರು ಕೂಡಿಸಿದರು. ಮೂರು ಗಂಟೆಗೆ ಸರಿಯಾಗಿ ಕ್ಯಾಂಟೀನಿಗೆ ಬಂದು ಅಕ್ಕ ಬಡಿಸಿದ್ದನ್ನೆಲ್ಲ ಉಂಡರು. ಅಕ್ಕ ನನ್ನ ಪಟ್ಟಿಯ ಮೇಲೆ ಅರಿಶಿನದ ಕೈಯೊರೆಸುವುದನ್ನು ಬಿಟ್ಟರು. ಮಾಲೀಕರಿಗೆ ಎಷ್ಟು ಖುಷಿಯಾಯಿತೆಂದರೆ, ಭಾನುವಾರ ಸ್ಪೇನಿನವರನ್ನೂ ನನ್ನನ್ನೂ ಕುಣಿಗಲ್‌ನ ತಮ್ಮ ಮನೆಗೆ ಊಟಕ್ಕೆ ಕರೆದರು. ಅವರಿಗೆ ನನ್ನ ಗೇಟಿನ ನಾಟಕದ ವಿಷಯ ಗೊತ್ತಿರಲಿಲ್ಲ.

‘ನಮ್ಮಮ್ಮನೇ ನಿಂತು ಅಡುಗೆ ಮಾಡಿಸ್ತಾರೆ. ಎಷ್ಟು ಗಂಟೆಗೆ ಅಂತ ಹೇಳ್ಲಿ?’

‘ಮೂರಕ್ಕೆ ಸಾರ್,’ ಎಂದೆ.

ಆ ಮನೆಯ ಪದ್ಧತಿಯನ್ನು ನಾನು ವಿಚಾರಿಸಿಕೊಳ್ಳಬೇಕಾಗಿತ್ತು. ಊಟಕ್ಕೆ ಕರೆದ ಅತಿಥಿ ಎಲೆಯ ಮುಂದೆ ಕೂರುವ ತನಕ ಅಲ್ಲಿ ಯಾರೂ ಒಂದು ಅಗುಳು ಬಾಯಿಗಿಡುವಂತಿಲ್ಲ. ಹನ್ನೆರಡಕ್ಕೇ ಅಡುಗೆ ಮುಗಿದಿತ್ತು. ನಾವು ಹೇಳಿದ ಹೊತ್ತಿಗೆ ಸರಿಯಾಗಿ ಮೂರಕ್ಕೆ ಹೋಗಿ ಇಳಿದಾಗ ಪಡಸಾಲೆಯ ತುಂಬ ನೆಂಟರು ಗೋಡೆಗೆ ಒರಗಿ, ಬಾಡಿದ ಬಾಳೆಎಲೆಗಳ ಹಾಗೆ ಕುಳಿತಿದ್ದರು. ಹೋಳಿಗೆಯ ಪರಿಮಳ ಬೀದಿಯ ತನಕ ಬರುತ್ತಿತ್ತು. ಸ್ಪೇನಿನವರು ಬೆಳಗ್ಗೆ ತಿಂಡಿಯನ್ನೂ ಬಿಟ್ಟು, ಹೊಟ್ಟೆಗೆ ಜಾಗ ಮಾಡಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಅದು ಗುರುಗುಟ್ಟುವುದು ನನಗೆ ಕೇಳಿಸುತ್ತಿತ್ತು.

ಮಾಲೀಕರ ತಾಯಿ, ಅವರ ಹಿಂದೆಯೇ ಮಾಲೀಕರು, ಬಾಗಿಲಿಗೆ ಬಂದರು. ಎಂಬತ್ತರ ಹತ್ತಿರದ ಅಜ್ಜಿ, ಬೆನ್ನು ಸ್ವಲ್ಪವೂ ಬಾಗಿಲ್ಲ. ಹೊತ್ತು ಇಷ್ಟೊಂದು ಮೀರಿದ್ದು ನೋಡಿ ಅವರ ಬಾಯಿಂದ ಬರಬಾರದ ಮಾತು ಬಂದೇಬಿಟ್ಟಿತು:

‘ಮೂರು ಗಂಟೆ ಆಗೋಯ್ತಲ್ಲಪ್ಪ, ಊಟ ಆಯ್ತಾ ಏನ್ ಕತೆ?’

‘ಆಯ್ತೂ!’ ಎಂದರು ಸ್ಪೇನಿನವರು, ಎದೆಯುಬ್ಬಿಸಿ.

ಪಡಸಾಲೆಯ ನೆಂಟರೆಲ್ಲ ಒಟ್ಟಿಗೆ ತಲೆ ಎತ್ತಿದರು.

‘ಆಯ್ತಾ?’ ಅಜ್ಜಿ ಬಾಗಿಲುವಾಡ ಹಿಡಿದುಕೊಂಡರು. ‘ಯಾರ ಮನೇಲಿ?’

‘ಆಯ್ತು, ಆಯ್ತು.’

‘ಏನ್ಲಾ ಇದು?’ ಅಜ್ಜಿ ಮಗನ ಕಡೆ ತಿರುಗಿದರು. ‘ಬೆಳಗ್ಗಿನಿಂದ ಮನೆಮಂದಿ ಎಲ್ಲ ಉಪಾಸ ಕೂತವ್ರೆ. ಉಂಡು ಬಂದವ್ರನ್ನ ಕರ್ಕೊಂಡು ಬಂದು ನಿಲ್ಸಿದೀಯಲ್ಲ, ನಮ್ಮನೆ ಅನ್ನ ಏನಾಗಿತ್ತು?’

ಮೇಜು ಕುಟ್ಟಿ ನಗಬಲ್ಲ ಆ ಮಾಲೀಕರು ತಾಯಿಯ ಮುಂದೆ ಗುಬ್ಬಚ್ಚಿಯಾಗಿ ನನ್ನನ್ನು ನೋಡಿದರು. ಆ ನೋಟದಲ್ಲಿ ನನ್ನ ಕಿಟಕಿ ಪಕ್ಕದ ಮೇಜು, ಗೋಂದಿನ ಬಾಟಲಿ, ಬಸ್ಸು ಎಲ್ಲವೂ ಒಂದೊಂದಾಗಿ ಹೊರಗೆ ನಡೆದವು. ಸುಮ್ಮನಿದ್ದರೆ ಅಜ್ಜಿಗೆ ಅವಮಾನ, ಮಾಲೀಕರಿಗೆ ಸಿಟ್ಟು. ನಿಜ ಹೇಳಿದರೆ, ಅತಿಥಿಗೆ ಹಸಿವಾದಾಗಲೂ ಹೊಟ್ಟೆ ತುಂಬಿದೆ ಅನ್ನಲು ಕಲಿಸಿದವಳು ನಾನೇ ಎಂದು ಮಾಲೀಕರ ಎದುರೇ ಒಪ್ಪಿಕೊಂಡ ಹಾಗೆ. ಗೋಡೆಗೊರಗಿದ್ದ ಒಬ್ಬ ನೆಂಟರು ಕಣ್ಣುಮುಚ್ಚಿ ನಿಟ್ಟುಸಿರು ಬಿಟ್ಟರು. ಅವರ ಹೊಟ್ಟೆಯೂ ಗುರುಗುಟ್ಟಿತು.

‘ಅಜ್ಜಿ, ಅವ್ರಿಗೆ ಊಟ ಆಗಿಲ್ಲ,’ ಎಂದೆ. ‘ತಿಂಡೀನೂ ಆಗಿಲ್ಲ. ಯಾರು ಕೇಳಿದ್ರೂ ಆಯ್ತು ಅನ್ನಿ ಅಂತ ನಾನೇ ಹೇಳ್ಕೊಟ್ಟಿದೀನಿ. ಇಲ್ಲ ಅಂದ್ರೆ ಎಲ್ರೂ ತಿನ್ನಿಸ್ತಾರೆ, ಆಮೇಲೆ ಮಲಗಿಬಿಡ್ತಾರೆ. ಮಿಷನ್ ಕೆಲಸ ನಿಂತೋಗಿತ್ತು ಅಜ್ಜಿ.’

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಬೆಪ್ಪೇ. ಬೀದೀಲಿ ಹೇಳೋ ಆಯ್ತು ಬೇರೆ, ಹೊಸಲು ದಾಟಿದ ಮೇಲೆ ಹೇಳೋದು ಬೇರೆ ಅಂತ ಹೇಳ್ಕೊಡ್ಲಿಲ್ವಾ?’

‘ಅಷ್ಟು ಸ್ಪ್ಯಾನಿಷ್ ಬರಲ್ಲ ಅಜ್ಜಿ.’

ಅಜ್ಜಿ ಒಳಗೆ ಹೋದರು. ಒಂದು ಹೋಳಿಗೆಯನ್ನು ಎಲೆಯ ಮೇಲಿಟ್ಟು, ಅದರ ಮೇಲೆ ತುಪ್ಪ ಸುರಿದುಕೊಂಡು ಬಂದು, ಸ್ಪೇನಿನವರ ಮೀಸೆಯ ಕೆಳಗೆ ಹಿಡಿದರು.

‘ಈಗ ಹೇಳಪ್ಪ. ಊಟ ಆಯ್ತಾ?’

ಅವರು ಹೋಳಿಗೆ ನೋಡಿದರು. ನನ್ನನ್ನು ನೋಡಿದರು. ಪಾಪ, ಈಗ ಯಾವ ನಿಯಮ ಎಂದು ಕೇಳುತ್ತಿದ್ದರು. ನಾನು ಜೋರಾಗಿ ಅಡ್ಡಡ್ಡ ತಲೆಯಾಡಿಸಿದೆ. ಅವರಿಗೆ ಬಿಡುಗಡೆಯಾದ ಹಾಗಾಯಿತು.

‘ನೊ!’ ಎಂದರು. ‘ನೊ, ನೊ, ನೊ!’

‘ಎಲೆ ಹಾಕ್ರೋ!’ ಎಂದು ಅಜ್ಜಿ ಕೂಗಿದ್ದೇ ತಡ, ಬಾಡಿದ ನೆಂಟರೆಲ್ಲ ಒಂದೇ ಸಲ ಎದ್ದರು. ಚಾಪೆ ಹಾಸುವವರು, ನೀರು ಚಿಮುಕಿಸುವವರು, ಕೋಸಂಬರಿ ಪಾತ್ರೆ ಹಿಡಿದು ಓಡಿಬಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದವರು. ಯಾರಿಗೂ ಮಾತಾಡುವ ತಾಳ್ಮೆ ಉಳಿದಿರಲಿಲ್ಲ. ಸ್ಪೇನಿನವರು ಎಷ್ಟು ಹೋಳಿಗೆ ತಿಂದರೆಂದು ನಾನು ಲೆಕ್ಕ ಇಡಲು ನೋಡಿದೆ. ನನ್ನ ಎಲೆಗೂ ಬೀಳುತ್ತಿದ್ದುದರಿಂದ ಎಂಟರ ನಂತರ ತಪ್ಪಿತು. ಊಟದ ಉದ್ದಕ್ಕೂ ಮಾಲೀಕರು ನನ್ನ ಕಡೆ ನೋಡಲಿಲ್ಲ. ಬರುವಾಗ ಕಾರಿನ ಹತ್ತಿರ ಬಂದು, ‘ನಾಳೆ ನೋಡಣ,’ ಎಂದಷ್ಟೇ ಹೇಳಿದರು.

ಸೋಮವಾರ ಮಾಲು ಕೊಳ್ಳುವವರು ಇಬ್ಬರು ಬಂದು ಕುರ್ಚಿಯಲ್ಲಿ ಕುಳಿತರು. ಸ್ಪೇನಿನವರು ಹತ್ತು ಗಂಟೆಗೆ ಮಿಷನ್ ಚಾಲೂ ಮಾಡಿದರು. ಮೊದಲ ಪ್ಯಾಕೆಟ್ಟು ಒಡೆಯಿತು. ಎರಡನೆಯದು ಉಬ್ಬಿ, ಚಿಮ್ಮಿ, ಕಾಯಿಪುಡಿಯೆಲ್ಲ ಮಾಲು ಕೊಳ್ಳುವವರ ಕನ್ನಡಕದ ಮೇಲೆ ಬಿತ್ತು. ಸ್ಪೇನಿನವರು ಅಂಗಿ ತೋಳು ಮಡಚಿ ಮಿಷನ್ನನ್ನು ಮತ್ತೆ ಬಿಚ್ಚಿದರು, ಮತ್ತೆ ಕೂಡಿಸಿದರು. ಪುಡಿ ಹಾರುತ್ತಲೇ ಇತ್ತು. ಹನ್ನೆರಡಾಯಿತು, ಒಂದಾಯಿತು. ಊಟದ ಗಂಟೆ ಬಾರಿಸಿದರೂ ಯಾರೂ ಕದಲಲಿಲ್ಲ. ಕಾಯಿ ಒಡೆಯುವ ಹೆಂಗಸರು ಬಾಗಿಲಲ್ಲಿ ನಿಂತರು. ವಾಚ್‌ಮನ್ ಗೇಟಿಗೆ ಬೀಗ ಹಾಕಿ ಬಂದರು. ಕ್ಯಾಂಟೀನ್ ಅಕ್ಕ ಸೌಟು ಹಿಡಿದುಕೊಂಡೇ ಬಂದು ನಿಂತರು. ಅಷ್ಟು ಜನ ಇದ್ದರೂ ಆ ಹೊತ್ತು ಒಬ್ಬರೂ ಅವರನ್ನು ಊಟ ಆಯ್ತಾ ಎಂದು ಕೇಳಲಿಲ್ಲ. ನಾನು ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ನಿಂತು ಬೆವರುತ್ತಿದ್ದೆ.

ಎರಡು ದಾಟಿದ ಮೇಲೆ ಒಂದು ಪ್ಯಾಕೆಟ್ಟು ಸರಿಯಾಗಿ ಬಂತು. ಆಮೇಲೆ ಇನ್ನೊಂದು. ಆಮೇಲೆ ಅವು ಬಾತುಕೋಳಿಗಳ ಹಾಗೆ ಸಾಲಾಗಿ, ಒಂದರ ಹಿಂದೊಂದು ಬರತೊಡಗಿದವು. ಹೆಂಗಸರು ಚಪ್ಪಾಳೆ ಹೊಡೆದರು. ನೂರನೆಯದು ಬಂದಾಗ ಸ್ಪೇನಿನವರು ಅದನ್ನೆತ್ತಿ ಮುತ್ತಿಟ್ಟರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಮಾಲು ಕೊಳ್ಳುವವರು ಕನ್ನಡಕ ಒರೆಸಿಕೊಂಡು ಮಾಲೀಕರ ಕೈ ಕುಲುಕಿದರು.

ನಾನು ಅಲ್ಲೇ ನಿಂತಿದ್ದೆ. ಕೇಳಬಾರದು ಎಂದುಕೊಂಡಿದ್ದರೂ ಬಾಯಿಂದ ಬಂದುಬಿಟ್ಟಿತು: ‘ಸಾರ್, ನಂದು?’

ಮಾಲೀಕರು ಗಂಭೀರವಾಗಿ ತಿರುಗಿದರು. ‘ನಿನ್ನೆ ರಾತ್ರಿಯೆಲ್ಲ ನಮ್ಮಮ್ಮ ನಂಗೆ ನಿದ್ದೆ ಮಾಡಕ್ಕೆ ಬಿಡ್ಲಿಲ್ಲ. ಅತಿಥಿಗೆ ಹೊಟ್ಟೆ ಹಸಿದೈತೆ ಅಂತ ನಿಂತ ಜಾಗದಲ್ಲಿ ಬಾಯಿಬಿಟ್ಟು ಹೇಳಿದ್ದು ಆ ಹುಡುಗಿ ಒಬ್ಳೇ, ನೀನು ಬೊಂಬೆ ಹಂಗೆ ನಿಂತಿದ್ದೆ ಅಂತ. ಆರ್ಡರ್ ಟೈಪ್ ಮಾಡ್ಕೊ ಹೋಗು, ಸೈನ್ ಹಾಕ್ತೀನಿ.’

‘ಯಾವತ್ತಿಂದ ಅಂತ ಹಾಕ್ಲಿ ಸಾರ್?’

‘ಇವತ್ತಿಂದ್ಲೇ ಹಾಕು. ತಡಿ ತಡಿ, ಟೈಪ್ ಆಮೇಲೆ ಮಾಡುವಂತೆ. ಮೊದ್ಲು ಕೈ ತೊಳ್ಕೊ.’

ಕ್ಯಾಂಟೀನಿನ ಹೊರಗಿನ ನಲ್ಲಿಯ ಮುಂದೆ ಆಗಲೇ ಸಾಲು ನಿಂತಿತ್ತು. ಎಲ್ಲರ ತಲೆಯೂ ಕಾಯಿಪುಡಿ ಬಿದ್ದು ಮುದುಕರ ತಲೆಯಾಗಿತ್ತು. ವಾಚ್‌ಮನ್ ಮುಂದೆ, ಅವರ ಹಿಂದೆ ಸ್ಪೇನಿನವರು, ಅವರ ಹಿಂದೆ ನಾನು. ಅವರು ಕೈ ತೊಳೆದು ಸರಿದು ನನಗೆ ಜಾಗ ಬಿಟ್ಟದ್ದೇ ನಲ್ಲಿ ಒಮ್ಮೆ ಕೆಮ್ಮಿ ನಿಂತುಹೋಯಿತು. ನಾನು ಎರಡೂ ಕೈ ಚಾಚಿಕೊಂಡು ಬೆಪ್ಪಾಗಿ ನಿಂತೆ. ಒಳಗೆ ಅಕ್ಕ ಆಗಲೇ ತಟ್ಟೆಗಳನ್ನು ಇಡುತ್ತಿದ್ದರು.

‘ಏನಮ್ಮ, ನಿಂತ್ಬಿಟ್ಟೆ?’

ತಿರುಗಿ ನೋಡಿದರೆ ಮಾಲೀಕರು, ಡ್ರಮ್ಮಿನಿಂದ ಒಂದು ಚೊಂಬು ನೀರು ತುಂಬಿಕೊಂಡು ಬಂದಿದ್ದರು. ಬೇಡ ಸಾರ್, ನೀವ್ಯಾಕೆ ಸಾರ್ ಎನ್ನುವಷ್ಟರಲ್ಲಿ ನನ್ನ ಕೈ ಮೇಲೆ ಸುರಿದೇಬಿಟ್ಟರು. ಅರ್ಧ ಕೈ ಮೇಲೆ ಬಿತ್ತು, ಅರ್ಧ ನನ್ನ ಸೀರೆಯ ಮೇಲೆ.